ಗಣಿ ಷೇರಿನ ಪಿ/ಇ ಆರು ಅಂದರೆ ಅಗ್ಗವಾ?

ಪ್ರಶ್ನೆ: ನಮ್ಮೂರು ಸಂಡೂರು. ಅಪ್ಪ ಮೈನ್ಸ್‌ನಲ್ಲಿ ಲಾರಿ ತೂಗುವ ವೇಬ್ರಿಜ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆನ್‌ಲೈನ್ ಕೋರ್ಸ್ ಒಂದರಲ್ಲಿ ಡಿಸಿಎಫ್, ಅಂದರೆ ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ಕಂಪನಿಗೆ ಮೌಲ್ಯ ಕಟ್ಟುವುದನ್ನು ಕಲಿತೆ. ಐದು ವರ್ಷದ ಹಣದ ಹರಿವು ಅಂದಾಜು ಮಾಡಿ, ಆಮೇಲಿನ ವರ್ಷಗಳಿಗೆಲ್ಲ ಸೇರಿಸಿ ಶೇ. 4ರ ಬೆಳವಣಿಗೆಯಲ್ಲಿ ಟರ್ಮಿನಲ್ ವ್ಯಾಲ್ಯೂ ಅಂತ ಒಂದೇ ಮೊತ್ತ ಹಾಕುವ ವಿಧಾನ. ಕಬ್ಬಿಣದ ಅದಿರಿನ ಒಂದು ಕಂಪನಿಗೆ ಅದನ್ನೇ ಹಾಕಿದೆ. ಷೇರಿನ ನಿಜವಾದ ಮೌಲ್ಯ ಈಗಿನ ಬೆಲೆಗಿಂತ ತುಂಬಾ ಜಾಸ್ತಿ ಅಂತ ಬರುತ್ತಿದೆ. ಪಿ/ಇ, ಅಂದರೆ ಷೇರಿನ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಅಳತೆ, ಬರೀ 6. ಸರ್, ನನ್ನ ಲೆಕ್ಕ ತಪ್ಪಾ, ಇಲ್ಲಾ ಮಾರುಕಟ್ಟೆಯೇ ತಪ್ಪಾ?

ಉತ್ತರ: ಲೆಕ್ಕ ನಿಮ್ಮದೇ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ, ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಸೋಪು, ಬಿಸ್ಕತ್ತು ಮಾರುವ ಕಂಪನಿಯ ಅಳತೆಗೆ ಹೊಲಿದ ಅಂಗಿಯನ್ನು ಗಣಿಗೆ ತೊಡಿಸಿದ್ದೀರಿ. ಟರ್ಮಿನಲ್ ವ್ಯಾಲ್ಯೂ ಹಾಕಿದಿರಿ ಅಂದರೆ ಈ ವ್ಯವಹಾರ ಎಂದೆಂದಿಗೂ ನಡೆಯುತ್ತದೆ ಅಂತ ಒಪ್ಪಿಕೊಂಡ ಹಾಗೆ. ಗಣಿ ಎಂದೆಂದಿಗೂ ನಡೆಯುವುದಿಲ್ಲ. ನಿಮ್ಮ ಅಪ್ಪನ ವೇಬ್ರಿಜ್ ದಾಟಿದ ಪ್ರತಿ ಲಾರಿಯಲ್ಲೂ ಕಂಪನಿಯ ಒಂದೊಂದು ಚೂರು ಹೊರಗೆ ಹೋಗಿದೆ. ತೆಂಗಿನ ತೋಟ ಇದ್ದವರು ಕಾಯಿ ಮಾರಿದರೆ ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತದೆ. ಗಣಿಯವರು ವರ್ಷಕ್ಕಿಷ್ಟು ಅಂತ ಮರವನ್ನೇ ಕಡಿದು ಮಾರುತ್ತಿದ್ದಾರೆ. ಪುಸ್ತಕದಲ್ಲಿ ಲಾಭ ಅಂತ ಬರೆದದ್ದರಲ್ಲಿ ಒಂದು ಪಾಲು ಅಸಲೇ.

ಹಾಗಾದರೆ ಎಕ್ಸೆಲ್ ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಅದಿರಿನ ಬೆಲೆಯಿಂದ ಶುರು ಮಾಡುತ್ತಾರೆ. ನಾನು ಲೀಸ್ ಪತ್ರದಿಂದ ಶುರು ಮಾಡಿ ಅನ್ನುತ್ತೇನೆ. ನಮ್ಮ ದೇಶದಲ್ಲಿ ಗಣಿಯ ಬೆಲೆಯನ್ನು ಕಲ್ಲಿಗಿಂತ ಕಾಗದವೇ ಜಾಸ್ತಿ ನಿರ್ಧರಿಸುತ್ತದೆ. ಗಣಿ ಕಾನೂನಿಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ ಹಳೇ ಲೀಸ್‌ಗಳನ್ನೆಲ್ಲ ಕೊಟ್ಟ ದಿನದಿಂದ 50 ವರ್ಷಕ್ಕೆ ಅಂತ ಲೆಕ್ಕ ಹಿಡಿದರು. ಆ 50 ವರ್ಷ ಬೇಗ ಮುಗಿದುಬಿಡುವವರಿಗೆ ಒಂದಿಷ್ಟು ರಿಯಾಯಿತಿ ಇತ್ತು. ಅದಿರನ್ನು ಹೊರಗೆ ಮಾರುವವರಿಗೆ 2020ರ ಮಾರ್ಚ್ 31ರವರೆಗೆ, ಸ್ವಂತ ಕಾರ್ಖಾನೆಗೆ ಬಳಸುವವರಿಗೆ 2030ರ ಮಾರ್ಚ್ 31ರವರೆಗೆ. ಅವಧಿ ಮುಗಿದರೆ ಗಣಿ ಹರಾಜಿಗೆ ಹೋಗುತ್ತದೆ. ಹಳೇ ಮಾಲೀಕರೂ ಬಿಡ್ ಹಾಕಬಹುದು, ಆದರೆ ಹರಾಜಿನ ರೇಟಿಗೆ.

ಒಂದು ಗಣಿಯನ್ನು ಊಹಿಸಿಕೊಳ್ಳೋಣ. ನಿಮ್ಮ ಊರಿನ ಬೆಟ್ಟದ ಸಾಲಿನಲ್ಲೇ ಇದೆ ಅಂದುಕೊಳ್ಳಿ. ನೆಲದಲ್ಲಿ 4 ಕೋಟಿ ಟನ್ ಅದಿರು ಇದೆ. ವರ್ಷಕ್ಕೆ 20 ಲಕ್ಷ ಟನ್ ತೆಗೆಯಲು ಅನುಮತಿ ಇದೆ. ಲೀಸ್ 1984ರದ್ದು, 2034ಕ್ಕೆ ಮುಗಿಯುತ್ತದೆ. ಅಂದರೆ ಉಳಿದದ್ದು 8 ವರ್ಷ. 8 ವರ್ಷದಲ್ಲಿ ತೆಗೆಯಲು ಆಗುವುದು 1.6 ಕೋಟಿ ಟನ್. ಉಳಿದ 2.4 ಕೋಟಿ ಟನ್ ಕಂಪನಿಯ ವಾರ್ಷಿಕ ವರದಿಯಲ್ಲಿ ಇರುತ್ತದೆ, ಷೇರುದಾರರ ಜೇಬಿನಲ್ಲಿ ಇರುವುದಿಲ್ಲ.

ಈಗ ಒಂದು ಟನ್ನಿನ ಕಥೆ ನೋಡಿ. ಗಣಿ ಬಾಗಿಲಲ್ಲಿ ಬೆಲೆ 4,000 ರೂಪಾಯಿ. ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಶೇ. 15, ಅಲ್ಲಿಗೆ 600 ಹೋಯಿತು. ಹಳೇ ಲೀಸ್ ಆದ್ದರಿಂದ ರಾಯಲ್ಟಿಯ ಶೇ. 30ರಷ್ಟು ಜಿಲ್ಲಾ ಖನಿಜ ನಿಧಿಗೆ, ಅದು 180. ಖನಿಜ ಶೋಧನೆಯ ರಾಷ್ಟ್ರೀಯ ನಿಧಿ ಮತ್ತಿತರ ಚಿಲ್ಲರೆ 20. ಅಗೆಯುವುದು, ಕ್ರಷರ್, ಸ್ಕ್ರೀನಿಂಗ್, ಲೋಡಿಂಗ್ ಎಲ್ಲ ಸೇರಿ 900 ಇಟ್ಟುಕೊಳ್ಳಿ. ಆಫೀಸು ಖರ್ಚು, ಗಿಡ ನೆಡುವುದು, ಗಣಿ ಮುಚ್ಚುವಾಗ ಬೇಕಾಗುವ ಹಣ, ಇವಕ್ಕೆ 300. ಕೈಯಲ್ಲಿ ಉಳಿಯುವುದು 2,000. ಆದಾಯ ತೆರಿಗೆ ಕಾಲು ಭಾಗ ಹೋದರೆ 1,500. 20 ಲಕ್ಷ ಟನ್ನಿಗೆ 300 ಕೋಟಿ. ಯಂತ್ರಗಳ ರಿಪೇರಿ, ಬದಲಾವಣೆಗೆ ವರ್ಷಕ್ಕೆ 30 ಕೋಟಿ ತೆಗೆದಿಟ್ಟರೆ 270 ಕೋಟಿ ಉಳಿಯುತ್ತದೆ.

ಮುಂದಿನ ಹಣವನ್ನು ಇವತ್ತಿಗೆ ಇಳಿಸುವ ಡಿಸ್ಕೌಂಟ್ ದರ ಶೇ. 13 ಅಂತ ಹಿಡಿದರೆ, 8 ವರ್ಷದ 270 ಕೋಟಿಗಳ ಇವತ್ತಿನ ಬೆಲೆ ಸುಮಾರು 1,300 ಕೋಟಿ. ಅಷ್ಟೇ. ನಿಮ್ಮ ಕೋರ್ಸ್ ವಿಧಾನದಲ್ಲಿ ಮಾಡಿದರೆ? ಮೊದಲ ಐದು ವರ್ಷಕ್ಕೆ 950 ಕೋಟಿ, ಟರ್ಮಿನಲ್ ವ್ಯಾಲ್ಯೂಗೆ ಇವತ್ತಿನ ಲೆಕ್ಕದಲ್ಲಿ ಇನ್ನೂ 1,690 ಕೋಟಿ, ಒಟ್ಟು 2,640. ಸರಿಯಾಗಿ ಎರಡರಷ್ಟು! ಅದರಲ್ಲಿ ಮೂರನೇ ಎರಡು ಪಾಲು ಹತ್ತಿರ ಹತ್ತಿರ ಆ ಒಂದೇ ಸೆಲ್‌ನಿಂದ ಬಂದದ್ದು. ಮೂರು ವರ್ಷದ ಅದಿರಿಗೆ ಬಿಟ್ಟು ಮಿಕ್ಕದ್ದಕ್ಕೆಲ್ಲ ಆ ಸೆಲ್‌ನಲ್ಲಿ ಆಧಾರವೇ ಇಲ್ಲ.

ಯಂತ್ರಗಳ ಸವಕಳಿ ಕಳೆದ ಮೇಲೆ ಇದೇ ಗಣಿಯ ಪುಸ್ತಕದ ಲಾಭ ವರ್ಷಕ್ಕೆ 280 ಕೋಟಿ ಅಂದುಕೊಂಡರೆ, ಪಿ/ಇ 6ಕ್ಕೆ ಮಾರುಕಟ್ಟೆ ಕೊಡುತ್ತಿರುವುದು 1,680 ಕೋಟಿ. ಗಣಿಯ ಯೋಗ್ಯತೆ 1,300. ಈ ಗಣಿಗೆ ನ್ಯಾಯವಾದ ಪಿ/ಇ ನಾಲ್ಕೂವರೆಯ ಸುತ್ತಮುತ್ತ. ಆರು ಅಂದರೆ ದುಬಾರಿ. ಬೇರೆ ಉದ್ಯಮದಲ್ಲಿ ಆರು ಅಂದರೆ ಬಾಯಲ್ಲಿ ನೀರೂರುತ್ತದೆ, ನಿಜ. ಇಲ್ಲಿ ಮೊದಲು ಇನ್ನೆಷ್ಟು ವರ್ಷ ಅಂತ ಕೇಳಬೇಕು.

ಲೀಸ್‌ಗೆ ಕೊನೆಯೇ ಇಲ್ಲ, ಪೂರ್ತಿ 4 ಕೋಟಿ ಟನ್ ತೆಗೆಯಬಹುದು ಅಂತಲೇ ಇಟ್ಟುಕೊಳ್ಳಿ. ಆಗ 20 ವರ್ಷ. ಬೆಲೆ 1,900 ಕೋಟಿ ಆಗುತ್ತದೆ. ಕೊನೆಯ 12 ವರ್ಷದ 2.4 ಕೋಟಿ ಟನ್ನಿನಿಂದ ಸೇರಿದ್ದು ಬರೀ 600 ಕೋಟಿ. ದೂರದ ಟನ್ನಿಗೆ ಇವತ್ತು ಬೆಲೆ ಕಮ್ಮಿ. 'ನೆಲದಲ್ಲಿ 4 ಕೋಟಿ ಟನ್, ಟನ್ನಿಗೆ 2,000, ಅಲ್ಲಿಗೆ 8,000 ಕೋಟಿ ಆಸ್ತಿ' ಅಂತ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಲೆಕ್ಕವನ್ನು ಸುಮ್ನೆ ಡಿಲೀಟ್ ಮಾಡಿ.

ಇನ್ನು ಅನುಮತಿಯ ವಿಷಯ. ಲೀಸ್ ಇದ್ದರೆ ಸಾಲದು. ಪರಿಸರ ಅನುಮತಿ, ಅರಣ್ಯ ಅನುಮತಿ ಬೇಕು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಆದರೆ ಅದರ ಮೇಲೊಂದು ಮಿತಿ. ಸುಪ್ರೀಂ ಕೋರ್ಟ್ 2022ರಲ್ಲಿ ಬಳ್ಳಾರಿಗೆ ವರ್ಷಕ್ಕೆ 3.5 ಕೋಟಿ ಟನ್, ಉಳಿದೆರಡು ಜಿಲ್ಲೆಗೆ ಸೇರಿ 1.5 ಕೋಟಿ ಟನ್ ಅಂತ ಮಿತಿ ಏರಿಸಿತು. ಅದರೊಳಗೆ ಪ್ರತಿ ಗಣಿಗೂ ಒಂದು ವಾರ್ಷಿಕ ಗರಿಷ್ಠ. ಗಣಿಯವರ ಬಾಯಲ್ಲಿ ಅದು 'ಎಂಪಿಎಪಿ'. ಮಾಡೆಲ್‌ನಲ್ಲಿ ಉತ್ಪಾದನೆಯ ಸಾಲು ಯಂತ್ರದ ಸಾಮರ್ಥ್ಯ ನೋಡಿ ಬರೆಯುವುದಲ್ಲ. ಈ ಎಲ್ಲ ಸಂಖ್ಯೆಗಳಲ್ಲಿ ಯಾವುದು ಅತಿ ಚಿಕ್ಕದೋ ಅದನ್ನು ಬರೆಯಬೇಕು.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. 2010ರಲ್ಲಿ ಸಾಲ ಕೊಡುವ ಒಂದು ಸಂಸ್ಥೆಯಲ್ಲಿದ್ದೆ. ಬಳ್ಳಾರಿ ಕಡೆಯ ಒಂದು ಗಣಿಗೆ ಮಾಡೆಲ್ ಮಾಡಿದ್ದು ನಾನೇ. ಉತ್ಪಾದನೆ ವರ್ಷಕ್ಕೆ ಶೇ. 10 ಏರಿಕೆ, ಚೀನಾ ಬೇಡಿಕೆ ಹೀಗೇ ಇರುತ್ತದೆ, ಬೆಲೆ ಶೇ. 20 ಬಿದ್ದರೂ ಸಾಲ ವಾಪಸ್ ಬರುತ್ತದೆ. ಬೆಲೆ ಬಿದ್ದರೆ ಏನು, ಬಡ್ಡಿ ಏರಿದರೆ ಏನು, ಡೀಸೆಲ್ ಏರಿದರೆ ಏನು ಅಂತ ಹದಿನಾಲ್ಕು ಸನ್ನಿವೇಶ ಪರೀಕ್ಷೆ ಮಾಡಿದ್ದೆ. ಒಂದನ್ನು ಮಾತ್ರ ಮಾಡಿರಲಿಲ್ಲ: ಉತ್ಪಾದನೆ ಸೊನ್ನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆಯಿತು. ಮತ್ತೆ ಒಂದಷ್ಟು ಗಣಿಗಳನ್ನು ತೆರೆಯಲು ಕೋರ್ಟ್ ಒಪ್ಪಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಬಳ್ಳಾರಿಯಲ್ಲಿ ಗಣಿ ನಿಂತ ದಿನ ರಾತ್ರಿ ಆ ಫೈಲ್ ತೆಗೆದು, ಎರಡು ವರ್ಷದ ಟನ್ನಿನ ಜಾಗದಲ್ಲಿ ಸೊನ್ನೆ ಟೈಪ್ ಮಾಡಿ ನೋಡಿದೆ. ಹದಿನಾಲ್ಕು ಸನ್ನಿವೇಶವೂ ಒಟ್ಟಿಗೆ ಕೆಂಪಾದವು. ಅಂದಿನಿಂದ ನನ್ನ ಪ್ರತಿ ಗಣಿ ಮಾಡೆಲ್‌ನಲ್ಲೂ 'ಗಣಿ ನಿಂತರೆ' ಅಂತ ಒಂದು ಸ್ವಿಚ್ ಇರುತ್ತದೆ. ಒತ್ತಿದರೆ ಹದಿನೆಂಟು ತಿಂಗಳು ಮಾರಾಟ ಇಲ್ಲ, ಸಂಬಳ ಮತ್ತು ಬಡ್ಡಿ ಮಾತ್ರ ಇದೆ. ಆ ಹದಿನೆಂಟು ತಿಂಗಳು ಕಂಪನಿ ಉಸಿರಾಡುತ್ತದಾ ಅಂತ ಮೊದಲು ನೋಡುತ್ತೇನೆ. ಸಾಲ ಜಾಸ್ತಿ ಇರುವ ಗಣಿ ಕಂಪನಿ ಬಗ್ಗೆ ನನಗೆ ಇವತ್ತಿಗೂ ಅನುಮಾನ. ಅದು ಪೂರ್ವಗ್ರಹ ಅನ್ನಿ, ಪರವಾಗಿಲ್ಲ.

ಪೂರ್ತಿ ನಿಂತೇ ಹೋದ ಉದಾಹರಣೆಯೂ ನಮ್ಮಲ್ಲಿದೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಕೊನೆಯಾಯಿತು. ಅದಿರು ಅಲ್ಲೇ ಇದೆ. ಕಂಪನಿ ತನ್ನ ಮಂಗಳೂರಿನ ಪೆಲೆಟ್ (ಅದಿರಿನ ಪುಡಿಯನ್ನು ಉಂಡೆ ಕಟ್ಟುವ) ಕಾರ್ಖಾನೆಗೆ ಬೇರೆ ಕಡೆಯಿಂದ ಅದಿರು ಕೊಂಡು ತರಬೇಕಾಯಿತು. ಗಣಿ ಕಂಪನಿಯಾಗಿದ್ದದ್ದು ಅದಿರು ಕೊಳ್ಳುವ ಕಂಪನಿ ಆಯಿತು. ಮಾಡೆಲ್‌ನಲ್ಲಿ ಆದಾಯದ ಸಾಲು ಖರ್ಚಿನ ಸಾಲಾಗಿ ಬದಲಾದ ಹಾಗೆ.

ನಿಮ್ಮ ಸಂಡೂರು ತಾಲ್ಲೂಕಿನದೇ ದೋಣಿಮಲೈ ಗಣಿಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯ ಲೀಸ್ 2018ರ ನವೆಂಬರ್‌ನಲ್ಲಿ ಮುಗಿಯಿತು. ಮುಂದುವರಿಸಲು ರಾಜ್ಯ ಸರ್ಕಾರ ಅದಿರಿನ ಬೆಲೆಯ ಶೇ. 80ರಷ್ಟು ಪ್ರೀಮಿಯಂ ಕೇಳಿತು. ಕಂಪನಿ ಗಣಿ ನಿಲ್ಲಿಸಿತು. ವರ್ಷಕ್ಕೆ 70 ಲಕ್ಷ ಟನ್ ಸಾಮರ್ಥ್ಯದ ಗಣಿ ಎರಡು ವರ್ಷಕ್ಕೂ ಜಾಸ್ತಿ ಸುಮ್ಮನೆ ಕೂತಿತ್ತು. 2021ರ ಫೆಬ್ರವರಿಯಲ್ಲಿ ಮತ್ತೆ ಶುರುವಾದಾಗ ಹೆಚ್ಚುವರಿ ಪಾವತಿ ಶೇ. 22.5 ಅಂತ ಆಯಿತು. ಅದೇ ವರ್ಷದ ಕಾನೂನು ತಿದ್ದುಪಡಿಯಲ್ಲೂ ವಿಸ್ತರಣೆಯಾದ ಸರ್ಕಾರಿ ಕಂಪನಿ ಲೀಸ್‌ಗಳಿಗೆ ರಾಯಲ್ಟಿಯ ಒಂದೂವರೆ ಪಟ್ಟು ಅಂತ ಬಂತು. ಶೇ. 15ರ ಒಂದೂವರೆ ಪಟ್ಟು ಅಂದರೆ ಅದೇ 22.5. ಈಗ ಕೂಡಿ: ರಾಯಲ್ಟಿ 15, ಹೆಚ್ಚುವರಿ 22.5, ಜಿಲ್ಲಾ ನಿಧಿ 4.5. ನೂರು ರೂಪಾಯಿಯ ಅದಿರಿನಲ್ಲಿ 42 ರೂಪಾಯಿ ಗುದ್ದಲಿ ಎತ್ತುವ ಮುಂಚೆಯೇ ಹೋಯಿತು. ನಮ್ಮ ಕಾಲ್ಪನಿಕ ಗಣಿಯಲ್ಲಿ ಅದು 20 ಇತ್ತು. ಅಗೆಯುವ ಖರ್ಚು ಎರಡೂ ಕಡೆ ಒಂದೇ ಇರಬಹುದು, ಲೀಸ್ ಮಾತ್ರ ಬೇರೆ.

ಹರಾಜಿನಲ್ಲಿ ಪಡೆದ ಗಣಿಗಳದ್ದು ಇನ್ನೊಂದು ಲೋಕ. ಅಲ್ಲಿ ಲೀಸ್ 50 ವರ್ಷ, ಜಿಲ್ಲಾ ನಿಧಿಗೆ ರಾಯಲ್ಟಿಯ ಶೇ. 10 ಮಾತ್ರ. ಓದಲು ಹಿತವಾಗಿದೆ. ಆದರೆ ಪ್ರೀಮಿಯಂ ನೋಡಿ. 2020ರಲ್ಲಿ ಒಡಿಶಾದ ನಾಲ್ಕು ಗಣಿಗಳಿಗೆ ಜೆಎಸ್‌ಡಬ್ಲ್ಯೂ ಸ್ಟೀಲ್ ಒಪ್ಪಿಕೊಂಡದ್ದು ಶೇ. 95.2, 98.55, 110 ಮತ್ತು 132. ಭಾರತೀಯ ಗಣಿ ಬ್ಯೂರೋ ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯ ಮೇಲೆ ಈ ಶೇಕಡಾವಾರು. ನೂರು ರೂಪಾಯಿಯ ಮಾಲಿಗೆ ನೂರಾ ಹತ್ತು ಸರ್ಕಾರಕ್ಕೆ ಕಟ್ಟಿ, ಮೇಲೆ ರಾಯಲ್ಟಿ ಕಟ್ಟಿ, ಆಮೇಲೆ ಅಗೆಯುವ ಖರ್ಚು! ಅದಿರು ಮಾರಿ ಬದುಕುವವರಿಗೆ ಇದು ಶುದ್ಧ ನಷ್ಟ. ಉಕ್ಕಿನ ಕಾರ್ಖಾನೆ ಇರುವವರು ಅದಿರಿಗೆ ಬಾಯಿ ಬಿಡುವ ಪರಿಸ್ಥಿತಿ ಬಾರದಿರಲಿ ಅಂತ ಕೊಡುತ್ತಾರೆ. ಅಂಥ ಗಣಿಯನ್ನು ಪ್ರತ್ಯೇಕ ಆಸ್ತಿ ಅಂತ ಬೆಲೆ ಕಟ್ಟಲು ಹೋಗಬೇಡಿ. ಕಾರ್ಖಾನೆಯ ಕಚ್ಚಾ ವಸ್ತುವಿನ ಖರ್ಚು ಅಂತ ತೋರಿಸಿ, ಅಲ್ಲಿಗೆ ಮುಗಿಯಿತು.

ಮಾಡೆಲ್‌ನಲ್ಲಿ ಇನ್ನೊಂದು ಸಾಲು ಈಗ ಖಾಯಂ ಬೇಕು. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಯಲ್ಟಿ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಅಂತ ಹೇಳಿತು. ಎಂಟು ಜನ ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಬಾಕಿಯ ಲೆಕ್ಕವೂ ಬಂತು. 2005ರ ಏಪ್ರಿಲ್ 1ರಿಂದ ಈಚಿನದ್ದನ್ನು ರಾಜ್ಯಗಳು ಕೇಳಬಹುದು, 2026ರ ಏಪ್ರಿಲ್‌ನಿಂದ 12 ವರ್ಷದ ಕಂತುಗಳಲ್ಲಿ ಕಟ್ಟಬಹುದು. ನಿಮ್ಮ ಕಂಪನಿಯ ಗಣಿ ಯಾವ ರಾಜ್ಯದಲ್ಲಿದೆ, ಆ ರಾಜ್ಯ ಏನು ಕಾನೂನು ಮಾಡಿದೆ ಅಂತ ನೋಡದೆ ಈ ಸಾಲನ್ನು ಖಾಲಿ ಬಿಡಬೇಡಿ. ವಾರ್ಷಿಕ ವರದಿಯ ಕೊನೆಯಲ್ಲಿ ಸಂಭಾವ್ಯ ಹೊಣೆಗಳ ಟಿಪ್ಪಣಿ ಇರುತ್ತದೆ. ಯಾರೂ ಓದದ ಪುಟ ಅದು. ಮೊದಲು ಅದನ್ನೇ ಓದಿ.

ಈಗ ಬೆಲೆಗೆ ಬರೋಣ. ಇಷ್ಟು ತಡವಾಗಿ ಬಂದದ್ದು ಬೇಕಂತಲೇ.

ನಮ್ಮ ಗಣಿಯಲ್ಲಿ ಬೆಲೆ 4,000ದಿಂದ 3,000ಕ್ಕೆ ಇಳಿಯಿತು ಅನ್ನಿ. ರಾಯಲ್ಟಿ ಇತ್ಯಾದಿ 800 ಇದ್ದದ್ದು 600 ಆಗುತ್ತದೆ. ಖರ್ಚು ಅದೇ 1,200. ಉಳಿಯುವುದು 1,200. ತೆರಿಗೆ ಕಳೆದು, ರಿಪೇರಿ ಹಣ ಕಳೆದು ವರ್ಷಕ್ಕೆ 150 ಕೋಟಿ. 8 ವರ್ಷಕ್ಕೆ ಮೌಲ್ಯ 720 ಕೋಟಿ. ಬೆಲೆ ಬಿದ್ದದ್ದು ಕಾಲು ಭಾಗ, ಗಣಿಯ ಮೌಲ್ಯ ಬಿದ್ದದ್ದು ಶೇ. 44. ಮೇಲೆ ಹೋಗುವಾಗಲೂ ಹಾಗೇ. 5,000 ಆದರೆ 1,870 ಕೋಟಿ. ಹಾಗಾಗಿ ಅದಿರಿನ ಬೆಲೆಗೆ ಒಂದೇ ಸಂಖ್ಯೆ ಹಾಕಿ 'ಷೇರಿನ ಮೌಲ್ಯ ಇಷ್ಟು' ಅನ್ನುವ ವರದಿಯನ್ನು ನಾನು ಅಲ್ಲೇ ಮುಚ್ಚಿಡುತ್ತೇನೆ.

ಈ ಏರಿಳಿತ ಎಷ್ಟು ಅಂತೀರಾ? ಚೀನಾ ಬಂದರಿನಲ್ಲಿ ಶೇ. 62 ಕಬ್ಬಿಣ ಇರುವ ಅದಿರು 2015ರ ಕೊನೆಗೆ ಟನ್ನಿಗೆ 40 ಡಾಲರಿಗಿಂತ ಕೆಳಗೆ ಹೋಗಿತ್ತು. 2021ರ ಮೇ ತಿಂಗಳಲ್ಲಿ 230 ದಾಟಿತು. ಎನ್‌ಎಂಡಿಸಿ 2021-22ರಲ್ಲಿ ಮಾಡಿದ ಲಾಭ 9,400 ಕೋಟಿ ಹತ್ತಿರ. ಮರುವರ್ಷ 5,500 ಕೋಟಿ ಆಸುಪಾಸು. ಅಗೆದ ಟನ್ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬೆಲೆ ಇಳಿದಿತ್ತು. ಜತೆಗೆ 2022ರ ಮೇನಲ್ಲಿ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ವಾಪಸ್ ಇಳಿಸಿತು. ಶಿಖರದ ವರ್ಷದ ಲಾಭಕ್ಕೆ ಪಿ/ಇ ಲೆಕ್ಕ ಹಾಕಿದವರಿಗೆ ಷೇರು ಬಿಟ್ಟಿ ಸಿಕ್ಕ ಹಾಗೆ ಕಂಡಿರುತ್ತದೆ. ಗಣಿ ಷೇರಿನಲ್ಲಿ ಪಿ/ಇ ತಲೆಕೆಳಗು. ಲಾಭ ಪಾತಾಳದಲ್ಲಿದ್ದಾಗ ಪಿ/ಇ ದೊಡ್ಡದಾಗಿ ಕಾಣುತ್ತದೆ, ಹಳಬರು ಆಗಲೇ ಕೊಳ್ಳುತ್ತಾರೆ. ನೀವು ನೋಡುತ್ತಿರುವ 6 ಯಾವ ವರ್ಷದ ಲಾಭದ್ದು ಅಂತ ಮೊದಲು ತಿಳಿದುಕೊಳ್ಳಿ. ನಾನಾದರೆ ಏಳೆಂಟು ವರ್ಷದ ಬೆಲೆಯ ಸರಾಸರಿ ಹಿಡಿದು, ಅದಕ್ಕಿಂತ ಸ್ವಲ್ಪ ಕೆಳಗಿನದನ್ನು ಮಾಡೆಲ್‌ಗೆ ಹಾಕುತ್ತೇನೆ.

ಮೀಸಲು, ಅಂದರೆ ನೆಲದಲ್ಲಿ ಇಷ್ಟು ಅದಿರು ಇದೆ ಅಂತ ಕಂಪನಿ ಹೇಳುವ ಸಂಖ್ಯೆಯನ್ನೂ ಒಮ್ಮೆ ಸೋಸಿ. ನಮ್ಮಲ್ಲಿ ಯುಎನ್‌ಎಫ್‌ಸಿ ಅಂತ ಮೂರಂಕಿಯ ಗುರುತು ಇದೆ. 111 ಅಂದರೆ ಖಾತ್ರಿಯಾದದ್ದು. 121, 122 ಬಹುಮಟ್ಟಿಗೆ ಖಾತ್ರಿ. 333 ಅಂದರೆ ಇರಬಹುದು ಅನ್ನುವ ಊಹೆ. ಮಾಡೆಲ್‌ಗೆ ಮೊದಲ ಮೂರು ಮಾತ್ರ ಸೇರಿಸಿ. ಕೊರೆದು ತೆಗೆದ ಕಲ್ಲಿನ ಮಾದರಿಗೇ ಚಿನ್ನ ಬೆರೆಸಿ ಜಗತ್ತನ್ನು ನಂಬಿಸಿದ್ದ ಕೆನಡಾದ ಬ್ರೆ-ಎಕ್ಸ್ ಹಗರಣ 1997ರಲ್ಲಿ ಬಯಲಾಯಿತು. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಇದ್ದ ಚಿನ್ನವೆಲ್ಲ ಕಾಗದದ ಮೇಲಿನದ್ದು. ಆಮೇಲೆ ಕೆನಡಾದಲ್ಲಿ ಅರ್ಹ ತಜ್ಞರು ಸಹಿ ಹಾಕಿದ ವರದಿ ಕಡ್ಡಾಯವಾಯಿತು. ನಾವು ಕೂಡ ಸಂಖ್ಯೆಗಿಂತ ಮೊದಲು ಸಹಿ ಯಾರದ್ದು ಅಂತ ನೋಡಬೇಕು.

ಅದಿರು ಮತ್ತು ಕಸದ ನಡುವಿನ ಗೆರೆಯೂ ಸ್ಥಿರ ಅಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಖಾಲಿಯಾಗಿ ಅಲ್ಲ. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ತೆಗೆಯುವ ಖರ್ಚು ಅಂದಿನ ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು. ಈಗ ಅಲ್ಲಿನ ಸೈನೈಡ್ ದಿಬ್ಬಗಳ ಮಣ್ಣಿನಿಂದ ಚಿನ್ನ ತೆಗೆಯುವ ಮಾತು ಮತ್ತೆ ಮತ್ತೆ ಏಳುತ್ತದೆ. ಮಣ್ಣು ಅದೇ, ಬೆಲೆ ಬೇರೆ. ಕಬ್ಬಿಣದಲ್ಲೂ 2009ರಲ್ಲಿ ಗಣಿ ಬ್ಯೂರೋ ಹೆಮಟೈಟ್ ಅನ್ನುವ ಅದಿರಿನಲ್ಲಿ ಇರಬೇಕಾದ ಕಬ್ಬಿಣದ ಕೆಳಮಿತಿಯನ್ನು ಶೇ. 55ರಿಂದ 45ಕ್ಕೆ ಇಳಿಸಿದಾಗ ಪುಸ್ತಕದಲ್ಲಿ ಮೀಸಲು ಏರಿತು. ಆದರೆ ಶೇ. 47ರ ಅದಿರಿಗೆ 62ರದ್ದರ ಬೆಲೆ ಯಾರು ಕೊಡುತ್ತಾರೆ?

ಡಿಸ್ಕೌಂಟ್ ದರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆನಡಾದ ಚಿನ್ನದ ಗಣಿ ವರದಿಗಳಲ್ಲಿ ಶೇ. 5 ನೋಡಿ ಅದನ್ನೇ ಇಲ್ಲಿಗೆ ತರಬೇಡಿ, ಅದು ಹಣದುಬ್ಬರ ಬಿಟ್ಟ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ನಾನು ಬೆಲೆಯನ್ನೂ ಏರಿಸಿಲ್ಲ, ಖರ್ಚನ್ನೂ ಏರಿಸಿಲ್ಲ, ಆದರೂ 13 ಹಾಕಿದ್ದೇನೆ. ಸ್ವಲ್ಪ ಬಿಗಿ ಅನ್ನಬಹುದು. ಏರಿಸುವುದಾದರೆ ಎರಡನ್ನೂ ಏರಿಸಿ. ಬೆಲೆ ಮಾತ್ರ ಏರಿಸಿ ಡೀಸೆಲ್ಲನ್ನು ಹಾಗೇ ಬಿಟ್ಟ ಮಾಡೆಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹೀಗೆ ಪ್ರತಿ ಗಣಿಗೂ ಬೇರೆ ಬೇರೆ ಹಾಳೆ ಮಾಡಿ. ಎಲ್ಲ ಕೂಡಿಸಿ, ಬ್ಯಾಂಕಿನಲ್ಲಿರುವ ಹಣ ಸೇರಿಸಿ, ಸಾಲ ಮತ್ತು ಕೇಸಿನ ಬಾಕಿ ಕಳೆದು, ಷೇರುಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು ಮಾರುಕಟ್ಟೆ ಬೆಲೆ ಜತೆ ಹೋಲಿಸಿ. ಡಿವಿಡೆಂಡ್ ಶೇ. 8 ಬರುತ್ತಿದ್ದರೆ ಅದರಲ್ಲಿ ಎಷ್ಟು ಬಡ್ಡಿ, ಎಷ್ಟು ಅಸಲು ಅಂತ ಉಳಿದ ವರ್ಷಗಳು ಹೇಳುತ್ತವೆ. 8 ವರ್ಷದ ಗಣಿಯಲ್ಲಿ ಶೇ. 8 ಡಿವಿಡೆಂಡ್ ಕೊಟ್ಟರೆ ನೀವು ಹಾಕಿದ ದುಡ್ಡಿನಲ್ಲಿ ಮೂರನೇ ಎರಡಷ್ಟೂ ವಾಪಸ್ ಬರುವುದಿಲ್ಲ. ಮಿಕ್ಕದ್ದು ಎಲ್ಲಿಂದ ಬರುತ್ತದೆ ಅಂತ ಕಂಪನಿಯ ಮುಂದಿನ ಯೋಜನೆ ತೋರಿಸಬೇಕು.

ಕಂಪನಿ ಅದಿರಿನ ಬೆಲೆ ಪ್ರಕಟಿಸಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ರಾಯಲ್ಟಿ, ಜಿಲ್ಲಾ ನಿಧಿ ಸೇರಿದೆಯಾ, ಬಿಟ್ಟಿದೆಯಾ ಅಂತ. ಅದನ್ನು ತಪ್ಪಾಗಿ ಓದಿದರೆ ರಾಯಲ್ಟಿಯನ್ನು ಎರಡು ಸಲ ಕಳೆಯುತ್ತೀರಿ, ಇಲ್ಲವೇ ಒಂದು ಸಲವೂ ಕಳೆಯುವುದಿಲ್ಲ. ನಾನು ಎರಡೂ ಮಾಡಿದ್ದೇನೆ.

ಇನ್ನೊಂದನ್ನು ನಿಮ್ಮ ಅಪ್ಪನನ್ನೇ ಕೇಳಬೇಕು. ಮಾಡೆಲ್‌ನಲ್ಲಿ ಟನ್ ಅಂತ ಬರೆಯುತ್ತೇವಲ್ಲ, ಅದು ಒದ್ದೆ ಟನ್ನೋ ಒಣ ಟನ್ನೋ? ಆಗಸ್ಟ್ ತಿಂಗಳಲ್ಲಿ ಫೈನ್ಸ್ (ಪುಡಿ ಅದಿರು) ತುಂಬಿದ ಲಾರಿ ವೇಬ್ರಿಜ್ ಮೇಲೆ ನಿಂತಾಗ ಅದರಲ್ಲಿ ಎಷ್ಟು ನೀರು ಅಂತ ಹಿಡಿಯುತ್ತಿದ್ದರು? ಕೊಳ್ಳುವವರು ಎಷ್ಟು ತೇವ ಕಳೆದು ದುಡ್ಡು ಕೊಡುತ್ತಿದ್ದರು? ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಲಾರಿ ಕಮ್ಮಿ ಆಗುತ್ತಿತ್ತು? ಆ ಮೂರು ಉತ್ತರ ಸಿಕ್ಕರೆ ಬರೆದು ಕಳಿಸಿ. ನಿಮ್ಮ ಎಕ್ಸೆಲ್‌ನ ಎರಡನೇ ತ್ರೈಮಾಸಿಕವನ್ನು ಅಲ್ಲಿಂದಲೇ ಸರಿ ಮಾಡೋಣ.